ಹಳೆ ನುಡಿ ಕಡತ ಕಳಿಸುವ ಮುನ್ನ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ
‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿರಬಹುದಾದ ಕಚೇರಿಯ ಹಳೆ ಪತ್ರವನ್ನು ಇಮೇಲ್ ಮಾಡುವ ಮುನ್ನ ‘ವಿಷಯ’, ‘ಉಲ್ಲೇಖ’ ಇರುವ ಎರಡು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಕನ್ನಡ ಕನ್ನಡವಾಗಿಯೇ ಕಂಡರೆ ಅದು ಯೂನಿಕೋಡ್ (ಎಲ್ಲ ಕಂಪ್ಯೂಟರ್, ಮೊಬೈಲ್‌ಗಳಿಗೂ ಅರ್ಥವಾಗುವ ಒಂದೇ ಅಕ್ಷರ ಸಂಕೇತ), ಧೈರ್ಯವಾಗಿ ಕಳಿಸಿ. ತಲೆ ಮೇಲೆ ಚುಕ್ಕಿ, ಗೀಟು ಇರುವ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬಂದರೆ ಅದು ಹಳೆ ನುಡಿ. ಅಂಥ ಕಡತದೊಳಗೆ ಇರುವುದೇ ಆ ಅಕ್ಷರಗಳು. ನುಡಿ ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ, ಅಷ್ಟೇ. ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ವೇಷ ಕಳಚುತ್ತದೆ. ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೂ ಸಿಗುವುದಿಲ್ಲ. ಹಾಗಿದ್ದರೆ ಮೊದಲು ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ. ಕನ್ನಡದ ಪ್ಯಾರಾಗಳನ್ನು ಮಾತ್ರ ಹಾಕಿ, ಸುಮ್ನೆ ಇಡೀ ಪುಟ ಸುರಿಯಬೇಡಿ. ನಡುವೆ ಇಮೇಲ್ ವಿಳಾಸ ಇದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗುತ್ತದೆ! ಪರಿವರ್ತನೆ ಆದ ಮೇಲೆ ‘ಕಾರ್ಯ’, ‘ವರ್ಗ’ದಂಥ ಅರ್ಕಾವತ್ತಿನ ಪದಗಳನ್ನು ಒಮ್ಮೆ ಕಣ್ಣಾಡಿಸಿ, ತಪ್ಪು ಜಾಸ್ತಿ ಅಲ್ಲೇ. ನೋಟ್‌ಪ್ಯಾಡ್‌ಗೇ ಯಾರೋ ನುಡಿ ಫಾಂಟ್ ಹಾಕಿಟ್ಟಿದ್ದರೆ ಈ ಪರೀಕ್ಷೆ ಮೋಸ ಮಾಡುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗೂ ನಡೆಯುವುದಿಲ್ಲ, ಅದು ಬರೀ ಚಿತ್ರ ಅಲ್ವಾ.