ಪಾಪರ್ದೆಲ್ಲೆಗೆ ಹಂದಿ ಮಾಂಸದ ರಗೂ: ಅವಸರ ಮಾಡಬೇಡಿ

ಇಟಲಿಯ ಟಸ್ಕನಿ ಕಡೆಯ ಅಗಲ ಪಟ್ಟಿಯ ಪಾಸ್ತಾ ಪಾಪರ್ದೆಲ್ಲೆ ಇದೆಯಲ್ಲ, ಅದರ ಜೊತೆ ಅಲ್ಲಿನವರಿಗೆ ಕಾಡುಹಂದಿಯ ರಗೂ, ಅಂದರೆ ಮಾಂಸವನ್ನು ನಿಧಾನವಾಗಿ ಬೇಯಿಸಿ ಮಾಡುವ ಗಟ್ಟಿ ಸಾಸ್, ಬಲು ಇಷ್ಟ. ಮನೆಯಲ್ಲಿ ಮಾಮೂಲಿ ಹಂದಿ ಮಾಂಸದಲ್ಲೇ ಮಾಡಬಹುದು. ಆದರೆ ಭುಜದ ಭಾಗವೇ ತನ್ನಿ. ಕೊಬ್ಬಿಲ್ಲದ ಮಾಂಸ ಹೆಚ್ಚು ಹೊತ್ತು ಬೆಂದರೆ ಒಣಗಿ ನಾರು ನಾರಾಗುತ್ತದೆ.

1 ಕೆಜಿ ಮಾಂಸವನ್ನು ದೊಡ್ಡ ತುಂಡು ಮಾಡಿ, ತೇವ ಒರೆಸಿ, ಉಪ್ಪು ಹಚ್ಚಿ. ಸ್ವಲ್ಪ ಸ್ವಲ್ಪವೇ ಹಾಕಿ ಕಂದು ಬಣ್ಣ ಬರುವಂತೆ ಹುರಿಯಿರಿ. ಎಲ್ಲಾ ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಸುಮ್ನೆ ಬೇಯುತ್ತದೆ, ಬಣ್ಣ ಬರಲ್ಲ.

ಮಾಂಸ ತೆಗೆದಿಟ್ಟು ಅದೇ ಪಾತ್ರೆಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಸೆಲರಿ ಹಾಕಿ. ಮೆತ್ತಗಾಗಲು 15 ನಿಮಿಷ ಕೊಡಿ. ಒಂದು ಲೋಟ ಕೆಂಪು ವೈನ್ ಹಾಕಿ ತಳ ಕೆರೆಯಿರಿ. ತಳ ಹಿಡಿದ ಆ ಕಂದು ಅಂಟಿನಲ್ಲೇ ರುಚಿ ಇರೋದು! ವೈನ್ ಇಂಗಿದ ಮೇಲೆ ಮಾಂಸ, ಟೊಮೆಟೊ, ರೋಸ್‌ಮೇರಿ, ಸ್ವಲ್ಪ ನೀರು.

ಮುಚ್ಚಳ ಓರೆ ಮಾಡಿ ಸಣ್ಣ ಉರಿಯಲ್ಲಿ 3 ಗಂಟೆ ಬಿಡಿ. ಆಗೊಂದು ಈಗೊಂದು ಗುಳ್ಳೆ ಏಳಬೇಕು, ಕೊತಕೊತ ಕುದಿಯಬಾರದು. ಸೌಟಿನ ಬೆನ್ನಲ್ಲಿ ಒತ್ತಿದಾಗ ಮಾಂಸ ಎಳೆ ಎಳೆಯಾಗಿ ಬಿಟ್ಟುಕೊಂಡರೆ ಆಯ್ತು. ಕುಕ್ಕರ್‌ನಲ್ಲಿ ಬೇಗ ಆಗುತ್ತೆ ನಿಜ, ಆದರೆ ನೀರು ಇಂಗೋದಿಲ್ಲ. ಆಮೇಲೆ ಮುಚ್ಚಳ ತೆಗೆದು ಗಟ್ಟಿ ಮಾಡಬೇಕಾಗುತ್ತೆ.

ಪಾಸ್ತಾವನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಪೂರ್ತಿ ಬೇಯುವ ಒಂದು ನಿಮಿಷ ಮೊದಲೇ ತೆಗೆದು ರಗೂಗೆ ಹಾಕಿ, ಅದು ಬೆಂದ ನೀರನ್ನೇ ಒಂದು ಸೌಟು ಸೇರಿಸಿ ತಿರುವಿ. ಗಂಜಿಯಂಥ ಆ ನೀರಿನಿಂದ ಸಾಸ್ ಪಟ್ಟಿಗೆ ಚೆನ್ನಾಗಿ ಹಿಡಿಯುತ್ತದೆ. ರಗೂ ಹಿಂದಿನ ದಿನವೇ ಮಾಡಿಟ್ಟರೆ ಇನ್ನೂ ರುಚಿ ಜಾಸ್ತಿ.