ಮಲೆನಾಡಿನ ಮಳೆಯಲ್ಲಿ ಹಳೇ ರಿಕೋ ಜಿಆರ್: ನನ್ನ ಅನುಭವ

ರಿಕೋ ಜಿಆರ್ ಎಂಬ ಪುಟ್ಟ ಕ್ಯಾಮೆರಾಗಳ ಮಾಲಿಕೆಯಲ್ಲಿ ಎಪಿಎಸ್-ಸಿ ಸೆನ್ಸರ್ (ಬೆಳಕು ಹಿಡಿಯುವ ದೊಡ್ಡ ಅಳತೆಯ ಫಲಕ) ಮೊದಲು ಬಂದದ್ದು 2013ರಲ್ಲಿ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ನಾನು ಇವತ್ತಿಗೂ ಬಳಸುವುದು ಆ ಮಾದರಿಯನ್ನೇ. 16 ಮೆಗಾಪಿಕ್ಸೆಲ್, 18.3 ಮಿ.ಮೀ. ಎಫ್/2.8 ಲೆನ್ಸ್ (ಫುಲ್ ಫ್ರೇಮ್, ಅಂದರೆ 35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ 28 ಮಿ.ಮೀ.), ಬ್ಯಾಟರಿ, ಕಾರ್ಡ್ ಸೇರಿ ತೂಕ 245 ಗ್ರಾಂ. ಜೂಮ್ ಇಲ್ಲ, ಲೆನ್ಸ್ ಬದಲಿಸುವ ಹಾಗಿಲ್ಲ, ವ್ಯೂಫೈಂಡರ್ ಇಲ್ಲ, ಫೋಟೊಗೆ ಕೈನಡುಕ ತಡೆಯುವ ಸ್ಟೆಬಿಲೈಸೇಷನ್ನೂ ಇಲ್ಲ. ಬೆಳಕು ಕಡಿಮೆಯಾದರೆ ಆಟೋಫೋಕಸ್ ತಡಕಾಡುತ್ತದೆ. ನಮ್ಮ ಕಡೆ ಮಳೆಗಾಲ ಹಿಡಿದರೆ ಮಧ್ಯಾಹ್ನವೂ ಮುಸ್ಸಂಜೆಯೇ. ಹಾಗಾಗಿ ಮನೆಯಿಂದ ಹೊರಡುವ ಮೊದಲೇ ಫೋಕಸ್ ಎಲ್ಲಿರಬೇಕು ಎಂದು ತೀರ್ಮಾನಿಸಿಬಿಟ್ಟಿರುತ್ತೇನೆ. ಇನ್ನು ಉಳಿಯುವ ದೊಡ್ಡ ಕೆಲಸ ಕ್ಯಾಮೆರಾವನ್ನು ಒಣಗಿಸಿಟ್ಟುಕೊಳ್ಳುವುದು.

ಫೋಕಸ್‌ಗೆ ಈ ಕ್ಯಾಮೆರಾದಲ್ಲಿ ಸ್ನ್ಯಾಪ್ ಎಂಬ ಸೌಲಭ್ಯವಿದೆ. 1, 1.5, 2, 2.5, 5 ಮೀಟರ್ ಅಥವಾ ಅನಂತ, ಇವುಗಳಲ್ಲಿ ಒಂದನ್ನು ಆರಿಸಿಟ್ಟರೆ ಆಟೋಫೋಕಸ್‌ನ ಗೊಡವೆಯಿಲ್ಲದೆ ಅದೇ ದೂರಕ್ಕೆ ಫೋಟೊ ಬೀಳುತ್ತದೆ. ‘ಫುಲ್ ಪ್ರೆಸ್ ಸ್ನ್ಯಾಪ್’ ಆನ್ ಮಾಡಿದರೆ ಇನ್ನೂ ಅನುಕೂಲ: ಬಟನ್ ಅರ್ಧ ಒತ್ತಿದರೆ ಆಟೋಫೋಕಸ್, ಒಂದೇ ಸಲಕ್ಕೆ ಪೂರ್ತಿ ಒತ್ತಿದರೆ ಸ್ನ್ಯಾಪ್. ಯಾವ ದೂರಕ್ಕೆ ಯಾವ ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಸಣ್ಣದು, ಸ್ಪಷ್ಟವಾಗುವ ದೂರ ಹೆಚ್ಚು) ಎಂಬುದನ್ನು ಲೆಕ್ಕ ಹಾಕಿಯೇ ಇಟ್ಟುಕೊಳ್ಳಬೇಕು. ಎಫ್/5.6ರಲ್ಲಿ 1.5 ಮೀಟರ್ ಇಟ್ಟರೆ ಸುಮಾರು 1ರಿಂದ 3 ಮೀಟರ್‌ವರೆಗೆ ಸ್ಪಷ್ಟ. ಎಫ್/8ರಲ್ಲಿ 2.5 ಮೀಟರ್ ಇಟ್ಟರೆ ಸುಮಾರು 1.15 ಮೀಟರ್‌ನಿಂದ ಆಚೆಗೆ ಗುಡ್ಡದ ತುದಿಯವರೆಗೂ ಸ್ಪಷ್ಟ. ಎಫ್/2.8ರಲ್ಲಿ ಈ ಆಟ ನಡೆಯುವುದಿಲ್ಲ. 1.5 ಮೀಟರ್‌ಗೆ ಇಟ್ಟರೆ ಮುಂದೆ ಹಿಂದೆ ಅರ್ಧ ಮೀಟರಿನಷ್ಟೂ ಸಿಗದು.

ಶಿವಮೊಗ್ಗದ ಗಾಂಧಿ ಬಜಾರಿನಂಥ ಇಕ್ಕಟ್ಟಿನಲ್ಲಿ ನಾನು ಇಡುವುದು ಮೊದಲನೆಯ ಜೋಡಿ. ಮೋಡ್ ಟಿಎವಿ (ಶಟರ್, ಅಪರ್ಚರ್ ಎರಡನ್ನೂ ನಾವೇ ಇಡುವುದು), ಶಟರ್ 1/250 ಸೆಕೆಂಡ್, ಅಪರ್ಚರ್ ಎಫ್/5.6, ಸ್ನ್ಯಾಪ್ 1.5 ಮೀಟರ್. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಕ್ಯಾಮೆರಾದ ಜವಾಬ್ದಾರಿ. ಮೋಡ ಕವಿದ ಹಗಲಿನಲ್ಲಿ ಅದು 800ರಿಂದ 1600ರ ಒಳಗೆ ಆಡುತ್ತದೆ. 3200 ಮೀರಿದರೆ ನೆರಳಿನ ಭಾಗದಲ್ಲಿ ಬಣ್ಣದ ಚುಕ್ಕೆ ಏಳುತ್ತದೆ. ಅಂಥ ಕಡೆ ಶಟರ್ 1/125ಕ್ಕೆ ಇಳಿಸುತ್ತೇನೆ. ನಿಂತವರಿಗೆ ಅಷ್ಟು ಸಾಕು, ನಡೆಯುವವರ ಕಾಲು ಸ್ವಲ್ಪ ಅಲುಗಾಡೀತು. ಈ ಹೊಂದಾಣಿಕೆ ಮೋಡ್ ಡಯಲ್‌ನ ಮೈ1ರಲ್ಲಿ, ಎಫ್/8ರ ಜೋಡಿ ಮೈ2ರಲ್ಲಿ, ಒಳಾಂಗಣದ್ದು ಮೈ3ರಲ್ಲಿ. ಮೆನು ತೆರೆಯುವ ಪ್ರಮೇಯವೇ ಬರುವುದಿಲ್ಲ.

ಒಳಾಂಗಣ ಎಂದರೆ ನಮ್ಮಲ್ಲಿ ಮುಖ್ಯವಾಗಿ ಅಡಿಕೆ ಸುಲಿಯುವ ಚಪ್ಪರ. ಸಂಜೆ ಎಲ್‌ಇಡಿ ಬಲ್ಬಿನ ಕೆಳಗೆ ಮೆಟ್ಟುಗತ್ತಿಯ ಮುಂದೆ ಕೂತವರ ಕೈ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಇಲ್ಲಿ ಎಫ್/4, 1/100, ಐಎಸ್‌ಒ 3200. 1/100 ಯಾಕೆಂದರೆ ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಒಂದು ಮಿನುಗು ಪೂರ್ತಿ ಒಳಗೆ ಬಂದರೆ ಎಲ್ಲ ಫೋಟೊಗಳ ಬೆಳಕೂ ಒಂದೇ ಸಮ. ಜಿಆರ್‌ನಲ್ಲಿ ಇರುವುದು ಲೆನ್ಸಿನೊಳಗಿನ ಲೀಫ್ ಶಟರ್, ಇಡೀ ಚೌಕಟ್ಟಿಗೆ ಒಟ್ಟಿಗೇ ಬೆಳಕು ಬೀಳುತ್ತದೆ. ಆದ್ದರಿಂದ ಮೊಬೈಲ್‌ನಲ್ಲಿ ಕಾಣುವ ಅಡ್ಡಪಟ್ಟಿ ಇಲ್ಲಿ ಕಾಣದು. ಬದಲಿಗೆ 1/500ರಲ್ಲಿ ತೆಗೆದರೆ ಒಂದು ಫೋಟೊ ಕಪ್ಪು, ಮುಂದಿನದು ಬಿಳುಪು ಎಂದಾಗುತ್ತದೆ. ಕ್ಯಾಮೆರಾದ ಬೆಳಕಿನ ಮೀಟರ್ ಕೆಟ್ಟಿದೆ ಎಂದು ರಿಪೇರಿಗೆ ಕೊಡುವ ಮೊದಲು ಬಲ್ಬು ನೋಡಿ.

ತೋಟದೊಳಗಿನ ಬೆಳಕು ಇನ್ನೊಂದು ತಕರಾರು. ಅಡಿಕೆ ಸೋಗೆಯ ಮೂಲಕ ಸೋಸಿ ಬರುವ ಬೆಳಕು ಹಸಿರು, ಮುಖದ ಬಣ್ಣವೂ ಹಸಿರಿಗೆ ತಿರುಗುತ್ತದೆ. ಆಟೋ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಸರಿದೂಗಿಸುವ ಸೌಲಭ್ಯ) ಇದನ್ನು ಅರ್ಧಂಬರ್ಧ ಸರಿಮಾಡುತ್ತದೆ, ಅದೂ ಪ್ರತಿ ಫೋಟೊಗೂ ಬೇರೆ ಬೇರೆ. ನಾನು ಡೇಲೈಟ್‌ನಲ್ಲಿಟ್ಟು ಡಿಎನ್‌ಜಿ (ಸಂಸ್ಕರಿಸದ ಕಚ್ಚಾ) ಕಡತ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಟಿಂಟನ್ನು ಮೆಜೆಂಟಾ (ನೇರಳೆಗೆಂಪು) ಕಡೆ ಎಳೆಯುತ್ತೇನೆ. ರಿಕೋದ ಕಚ್ಚಾ ಕಡತ ನೇರ ಡಿಎನ್‌ಜಿಯೇ ಆಗಿರುವುದರಿಂದ ಡಾರ್ಕ್‌ಟೇಬಲ್, ರಾಥೆರಪಿಯಂಥ ಉಚಿತ ತಂತ್ರಾಂಶದಲ್ಲೂ ತೆರೆಯುತ್ತದೆ. ಒದ್ದೆ ಕಾಂಡಗಳೇ ತುಂಬಿದ ಚೌಕಟ್ಟನ್ನು ಮೀಟರ್ ಬೂದು ಮಾಡಲು ಹೋಗುತ್ತದೆ, ಅದಕ್ಕೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಬೆಳಕನ್ನು ಹೆಚ್ಚುಕಡಿಮೆ ಮಾಡುವ ಹೊಂದಾಣಿಕೆ) -0.7. ಆಗುಂಬೆ ಘಾಟಿಯ ಮಂಜಿಗೆ ತದ್ವಿರುದ್ಧ: +0.7ರಿಂದ +1, ಇಲ್ಲದಿದ್ದರೆ ಮಂಜು ಹೊಗೆಯ ಬಣ್ಣಕ್ಕೆ ಬರುತ್ತದೆ.

ಜೋಗಕ್ಕೆ ಈ ಲೆನ್ಸ್ ಹೊಂದುತ್ತದೆ. ಎದುರಿನ ವೀಕ್ಷಣಾ ಜಾಗದಿಂದ ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ನೀರಿನ ಬಿಳುಪು ಸುಟ್ಟುಹೋಗದಂತೆ ಹಿಸ್ಟೋಗ್ರಾಂನ (ಪರದೆಯಲ್ಲಿ ಕಾಣುವ ಬೆಳಕಿನ ನಕ್ಷೆ) ಬಲತುದಿ ನೋಡಿಕೊಂಡರೆ ಆಯಿತು. ನೀರನ್ನು ಎಳೆಯಾಗಿ ತೋರಿಸಬೇಕಾದರೆ ಒಳಗಿರುವ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಗಾಜು) ಎರಡು ಸ್ಟಾಪ್ ಕಳೆಯುತ್ತದೆ, ಅಂದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಮೋಡದ ದಿನ ಐಎಸ್‌ಒ 100, ಎಫ್/8ರಲ್ಲಿ 1/60 ಇದ್ದದ್ದು 1/15ಕ್ಕೆ ಇಳಿಯುತ್ತದೆ, ಎಫ್/11ರಲ್ಲಿ 1/8. ದೂರದ ಜಲಪಾತಕ್ಕೆ ಇದು ಸಾಲದು, ಕಾಡಿನ ನೆರಳಿನ ಸಣ್ಣ ಹಳ್ಳಕ್ಕೆ ಧಾರಾಳ, ಅಲ್ಲಿ ಅರ್ಧ ಸೆಕೆಂಡ್‌ವರೆಗೂ ಹೋಗಬಹುದು. ಗಿಡ್ಡ ಟ್ರೈಪಾಡ್, 2 ಸೆಕೆಂಡ್ ಟೈಮರ್. ಎಫ್/16ಕ್ಕೆ ಹೋಗಬೇಡಿ, ಡಿಫ್ರ್ಯಾಕ್ಷನ್‌ನಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಚದುರುವುದರಿಂದ) ಬಂಡೆಯ ಮೈ ಮೆತ್ತಗಾಗುತ್ತದೆ.

ಈಗ ಮಳೆ. ಈ ಕ್ಯಾಮೆರಾಗೆ ನೀರು ತಡೆಯುವ ಯಾವ ವ್ಯವಸ್ಥೆಯೂ ಇಲ್ಲ. ಆದರೆ ಒಂದೇ ಕೈಯಲ್ಲಿ ಎಲ್ಲ ಮಾಡಬಹುದು, ಇನ್ನೊಂದು ಕೈಗೆ ಕೊಡೆ. ಕೊಡೆಯನ್ನು ಹಿಂದಕ್ಕೆ ವಾಲಿಸಿ ಹಿಡಿಯಿರಿ, ಇಲ್ಲದಿದ್ದರೆ 28 ಮಿ.ಮೀ. ನೋಟಕ್ಕೆ ಅದರ ಅಂಚು ಮೇಲಿನ ಮೂಲೆಯಲ್ಲಿ ಕರಿಪಟ್ಟಿಯಾಗಿ ನುಗ್ಗುತ್ತದೆ. ಇದಕ್ಕಿಂತ ಮುಖ್ಯವಾದದ್ದು ಲೆನ್ಸಿನ ಕೊಳವೆ. ಆನ್ ಮಾಡಿದಾಗ ಹೊರಬರುವ ಅದರ ಮೇಲೆ ಹನಿ ಕೂತಿರುತ್ತದೆ, ಆಫ್ ಮಾಡಿದರೆ ಆ ಹನಿಯೂ ಒಳಗೆ ಹೋಗುತ್ತದೆ. ಹಾಗಾಗಿ ಹಳೇ ಹತ್ತಿ ಪಂಚೆಯ ತುಂಡಿನಿಂದ ಕೊಳವೆಯ ಸುತ್ತ ಒರೆಸಿಯೇ ಆಫ್ ಮಾಡಬೇಕು. ಆಟೋ ಪವರ್ ಆಫ್ ಇದ್ದರೆ ಕ್ಯಾಮೆರಾ ತಾನಾಗಿಯೇ ಒದ್ದೆ ಕೊಳವೆಯನ್ನು ಒಳಗೆಳೆದುಕೊಳ್ಳುತ್ತದೆ. ಜೂನ್ ಬಂದ ಕೂಡಲೇ ನಾನು ಅದನ್ನು ತೆಗೆದುಹಾಕುತ್ತೇನೆ, ಬ್ಯಾಟರಿ ಬೇಗ ಖಾಲಿಯಾದರೂ ಚಿಂತೆಯಿಲ್ಲ. ಎಸಿ ಕಾರಿನಿಂದ ಇಳಿಯುವಾಗ ಕ್ಯಾಮೆರಾ ಜಿಪ್ ಕವರಿನಲ್ಲೇ ಅರ್ಧ ಗಂಟೆ ಇರಲಿ. ತಣ್ಣನೆಯ ಗಾಜಿನ ಮೇಲೆ ಕಟ್ಟುವ ತೇವವನ್ನು ಹೊರಗಿನಿಂದ ಒರೆಸಬಹುದು, ಒಳಗಿನದನ್ನು ಒರೆಸಲಾಗದು.

ಮನೆಯಲ್ಲಿ ಶತ್ರು ಬೂಷ್ಟು. ಗಾಳಿಯ ತೇವಾಂಶ ದಿನಗಟ್ಟಲೆ ಶೇ 65 ದಾಟಿ ನಿಂತರೆ ಲೆನ್ಸಿನ ಗಾಜಿನ ಮೇಲೆ ಬಿಳಿ ಬೇರಿನಂಥ ಎಳೆ ಹರಡುತ್ತದೆ, ಕೋಟಿಂಗನ್ನೂ ಕೊರೆಯುತ್ತದೆ. ತೇವ ತೆಗೆಯುವ ಡ್ರೈ ಕ್ಯಾಬಿನೆಟ್‌ಗೆ ಕರೆಂಟು ಬೇಕು, ಮಳೆಗಾಲದ ಹಳ್ಳಿಯಲ್ಲಿ ಅದನ್ನು ನಂಬಿ ಕೂರುವ ಹಾಗಿಲ್ಲ. ನಾನು ಬಳಸುವುದು ರಬ್ಬರ್ ಅಂಚಿನ 5 ಲೀಟರ್ ಪ್ಲಾಸ್ಟಿಕ್ ಡಬ್ಬಿ, ಬಟ್ಟೆ ಚೀಲದಲ್ಲಿ 150 ಗ್ರಾಂ ಸಿಲಿಕಾ ಜೆಲ್ (ತೇವ ಹೀರುವ ಹರಳು), ಜೊತೆಗೊಂದು ತೇವಾಂಶ ಅಳೆಯುವ ಪುಟ್ಟ ಹೈಗ್ರೋಮೀಟರ್. ಮುಳ್ಳು 40ರಿಂದ 50ರ ನಡುವೆ ಇರಬೇಕು. 30ರ ಕೆಳಗಿಳಿದರೂ ಒಳ್ಳೆಯದಲ್ಲ, ರಬ್ಬರ್ ಹಿಡಿತ ಮತ್ತು ಎಣ್ಣೆ ಒಣಗುತ್ತವೆ. ಕಿತ್ತಳೆ ಬಣ್ಣದ ಹರಳು ಹಸಿರಾದಾಗ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಬಣ್ಣ ಬರುವವರೆಗೆ ಕಾಯಿಸಬೇಕು. ನೀಲಿ ಹರಳಿನಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಯಾವುದೇ ಆಗಲಿ ಅಡುಗೆ ಬಾಣಲೆಯಲ್ಲಿ ಮಾಡಬೇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಕ್ಯಾಮೆರಾವನ್ನೇ ಅಲ್ಲಿಡುವವರಿದ್ದಾರೆ. ಹೊಗೆಯ ಜಿಡ್ಡು ಬೂಷ್ಟಿಗಿಂತ ಕಡೆ. ಚರ್ಮದ ಕೇಸೂ ಬೇಡ, ನಮ್ಮ ಕಡೆ ಮೊದಲು ಬೂಷ್ಟು ಹಿಡಿಯುವುದೇ ಚರ್ಮಕ್ಕೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನೋಡಬೇಕಾದದ್ದು ಮೊದಲಿಗೆ ಸೆನ್ಸರಿನ ಧೂಳು. ಕೊಳವೆ ಒಳಹೊರಗೆ ಆಡುವಾಗ ಗಾಳಿಯ ಜೊತೆ ಧೂಳನ್ನೂ ಎಳೆಯುತ್ತದೆ, ಇದು ಈ ಮಾದರಿಗೆ ಅಂಟಿಕೊಂಡ ಕಾಯಿಲೆ. ಎಫ್/16ರಲ್ಲಿ ಬಿಳಿ ಗೋಡೆ ತೆಗೆದು ಪೂರ್ತಿ ದೊಡ್ಡದು ಮಾಡಿ ನೋಡಿ, ಬೂದು ಚುಕ್ಕೆ ಕಂಡರೆ ಬೆಲೆ ಇಳಿಸಿ. ಲೆನ್ಸ್ ಬಿಚ್ಚದೆ ಸೆನ್ಸರ್ ಸಿಗುವುದಿಲ್ಲ, ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆಯುವ ಉಪಾಯ ಕೆಲವೊಮ್ಮೆ ಫಲಿಸಿದರೂ ಲೆನ್ಸ್ ಮುಚ್ಚಳದ ತೆಳು ಎಲೆಗಳು ಕಿತ್ತುಬರಬಹುದು. ಟಾರ್ಚನ್ನು ಓರೆಯಾಗಿ ಹಿಡಿದು ಗಾಜಿನೊಳಗೆ ಬೂಷ್ಟು ಹುಡುಕಿ. ಇಟ್ಟಿಗೆ ಗೋಡೆಯನ್ನು ನೇರ ಎದುರಿನಿಂದ ಎಫ್/4ರಲ್ಲಿ ತೆಗೆದು ನಾಲ್ಕೂ ಮೂಲೆ ಹೋಲಿಸಿ. ಒಂದೇ ಬದಿ ಮಸುಕಾಗಿದ್ದರೆ ಕ್ಯಾಮೆರಾ ಬಿದ್ದಿರುವ ಸಾಧ್ಯತೆ ಹೆಚ್ಚು. ಬ್ಯಾಟರಿ ಡಿಬಿ-65. ಮೂಲ ಬ್ಯಾಟರಿ ಈಗಾಗಲೇ ಉಬ್ಬಿದ್ದರೆ ಒಳಗೆ ತುರುಕಬೇಡಿ, ಹೊರಗೆ ಬಾರದೆ ಸಿಕ್ಕಿಕೊಳ್ಳುತ್ತದೆ. ಎರಡು ಬದಲಿ ಬ್ಯಾಟರಿ, ಪ್ರತ್ಯೇಕ ಚಾರ್ಜರ್ ಜೊತೆಗಿರಲಿ. ಕರೆಂಟು ಬಂದ ಹೊತ್ತಿನಲ್ಲಿ ಒಂದು ಚಾರ್ಜ್ ಆಗುತ್ತಿದ್ದರೆ ಇನ್ನೊಂದು ಕ್ಯಾಮೆರಾದಲ್ಲಿರುತ್ತದೆ.