ಒಂದೇ ಕೈಬೀಸಿನಲ್ಲಿ ನಾಲ್ಕು ಸರ್ವ್

ಜೂನ್ ಮುಗಿಯುವ ಹೊತ್ತಿಗೆ ಚಿಕ್ಕಮಗಳೂರಿನ ಮೈದಾನಗಳೆಲ್ಲ ಕೆಸರು. ನೇತಾಜಿ ಸುಭಾಷ್‌ಚಂದ್ರ ಬೋಸ್ ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರು ಚಾವಣಿ ಹುಡುಕಿಕೊಂಡು ಹೊರಡುತ್ತಾರೆ. ಕ್ಲಬ್ಬು, ಕಾಲೇಜು, ಹಾಸ್ಟೆಲ್ ಎಲ್ಲೇ ಆಗಲಿ, ಟೇಬಲ್ ಟೆನಿಸ್ ಮೇಜಿನ ಸುತ್ತ ಸರದಿಗೆ ಕಾಯುವವರು ಹೆಚ್ಚುತ್ತಾರೆ. ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಸ್ಮ್ಯಾಶ್ ಬಾರಿಸುವವರಿಗೆ ಬರವಿಲ್ಲ, ಓಡಾಡಿ ಚೆಂಡು ಹಿಂದಿರುಗಿಸುವವರೂ ಇದ್ದಾರೆ. ಸರ್ವ್ ಮಾತ್ರ ಎಲ್ಲರದೂ ಒಂದೇ ಬಗೆ, ಆಟ ಶುರುವಾಗಲಿ ಎಂದು ಚೆಂಡನ್ನು ಆಚೆ ದಾಟಿಸುವ ಶಾಸ್ತ್ರ. ಇದು ನೋಡಲು ಬೇಸರವಾಗುತ್ತದೆ. ಏಕೆಂದರೆ ಎದುರಾಳಿಯ ಹಂಗಿಲ್ಲದೆ ನಾವು ಆಡುವ ಹೊಡೆತ ಇಡೀ ಆಟದಲ್ಲಿ ಇದೊಂದೇ. 11 ಅಂಕಗಳ ಗೇಮಿನಲ್ಲಿ ಎರಡೆರಡು ಸರ್ವ್‌ಗೆ ಸರದಿ ಬದಲಾಗುವುದರಿಂದ ಸುಮಾರು ಅರ್ಧದಷ್ಟು ಅಂಕಗಳು ನಮ್ಮ ಕೈಯಿಂದಲೇ ಶುರುವಾಗುತ್ತವೆ.

ಸರ್ವ್ ಸುಧಾರಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮೊಬೈಲ್‌ನಲ್ಲಿ ವಿಡಿಯೊ ನೋಡಿ ನಾಲ್ಕಾರು ಬಗೆಗಳನ್ನು ಒಟ್ಟಿಗೆ ಕಲಿಯಲು ಶುರುಮಾಡುತ್ತಾರೆ. ಪ್ರತಿಯೊಂದಕ್ಕೂ ಬೇರೆ ನಿಲುವು, ಬೇರೆ ಕೈಬೀಸು. ಎದುರಿಗಿರುವವನು ಕೈ ಎತ್ತಿದ್ದು ನೋಡಿಯೇ ಬರುವುದೇನೆಂದು ಹೇಳಬಲ್ಲ. ವೈವಿಧ್ಯ ಇರಬೇಕಾದದ್ದು ಕೈಬೀಸಿನಲ್ಲಲ್ಲ, ಚೆಂಡಿನಲ್ಲಿ. ಒಂದು ಕೈಬೀಸನ್ನು ಆರಿಸಿಕೊಂಡು ಅದರೊಳಗೇ ನಾಲ್ಕು ಬೇರೆ ಚೆಂಡುಗಳನ್ನು ಅಡಗಿಸುವುದು ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇನೆ. ವಿವರಣೆ ಬಲಗೈ ಆಟಗಾರರಿಗೆ. ಎಡಗೈಯವರು ದಿಕ್ಕು ಬದಲಿಸಿ ಓದಿಕೊಳ್ಳಲಿ.

ನಿಯಮ ಮೊದಲು

ಬೆರಳುಗಳ ನಡುವೆ ಚೆಂಡು ಹಿಡಿದು ಕೈಯಿಂದ ನೇರ ಬ್ಯಾಟಿಗೆ ಬಿಡುವ ಚಾಳಿ ನಮ್ಮಲ್ಲಿ ವ್ಯಾಪಕ. ಟೂರ್ನಿಯಲ್ಲಿ ಅದು ನಡೆಯುವುದಿಲ್ಲ. ತೆರೆದ ಅಂಗೈ ಮೇಲೆ ಚೆಂಡು ನಿಶ್ಚಲವಾಗಿರಬೇಕು, ಹೆಚ್ಚುಕಡಿಮೆ ನೇರವಾಗಿ ಕನಿಷ್ಠ 16 ಸೆಂ.ಮೀ. ಮೇಲೇರಬೇಕು, ಇಳಿಯುವಾಗಲೇ ಹೊಡೆಯಬೇಕು. ನೆಟ್‌ನ ಎತ್ತರ 15.25 ಸೆಂ.ಮೀ.; ಟಾಸ್, ಅಂದರೆ ಚೆಂಡನ್ನು ಮೇಲೆಸೆಯುವ ಎತ್ತರ, ಅದಕ್ಕಿಂತ ತುಸು ಹೆಚ್ಚಿದ್ದರೆ ಸಾಕು ಎಂದು ಕಣ್ಣಳತೆ ಇಟ್ಟುಕೊಳ್ಳಿ. ಹೊಡೆಯುವವರೆಗೂ ಚೆಂಡು ಮೇಜಿನ ಮಟ್ಟಕ್ಕಿಂತ ಮೇಲೆ, ನಮ್ಮ ಬದಿಯ ಅಂಚಿನ ಗೆರೆಯ ಹಿಂದೆ ಇರಬೇಕು. ಚೆಂಡನ್ನು ತೋಳಿನಿಂದಲೋ ಮೈಯಿಂದಲೋ ಮರೆಮಾಡುವುದಕ್ಕೆ 2002ರಿಂದಲೇ ನಿಷೇಧವಿದೆ. ಹಾಗಾಗಿ ಇಂದಿನ ಸರ್ವ್‌ನಲ್ಲಿ ಮೋಸಗೊಳಿಸುವುದೆಲ್ಲವೂ ಎದುರಾಳಿಯ ಕಣ್ಣೆದುರೇ ನಡೆಯಬೇಕು. ನನಗಂತೂ ಆಟದ ಸೊಗಸು ಇರುವುದೇ ಅಲ್ಲಿ.

ಹಿಡಿತ ಮತ್ತು ಸ್ಪರ್ಶ

ಸರ್ವ್ ಮಾಡುವಾಗ ಬ್ಯಾಟನ್ನು ಮುಷ್ಟಿಯಲ್ಲಿ ಬಿಗಿಹಿಡಿಯಬೇಡಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅದರ ಹಲಗೆಯನ್ನು ಹಿಡಿದು, ಉಳಿದ ಮೂರು ಬೆರಳುಗಳನ್ನು ಹಿಡಿಕೆಯಿಂದ ಸಡಿಲಿಸಿ. ಮಣಿಕಟ್ಟು ಈಗ ಎಷ್ಟು ಸಲೀಸಾಗಿ ತಿರುಗುತ್ತದೆ ನೋಡಿ. ಸ್ಪಿನ್ ಹುಟ್ಟುವುದು ತೋಳಿನ ಬಲದಿಂದಲ್ಲ, ಈ ತಿರುವಿನ ವೇಗದಿಂದ.

ಮೇಜಿನ ಎಡಮೂಲೆಯಲ್ಲಿ, ಎಡಗಾಲು ಮುಂದಿಟ್ಟು, ಮೈ ಓರೆಯಾಗಿಸಿ ನಿಲ್ಲಿ. ಬ್ಯಾಟನ್ನು ಬಲಭುಜದ ಎತ್ತರಕ್ಕೆ ಒಯ್ದು, ಅದರ ತುದಿ ನೆಲದತ್ತ ಬಾಗುವಂತೆ ಬಲದಿಂದ ಎಡಕ್ಕೆ ಕೆಳಮುಖವಾಗಿ ಬೀಸಿ. ಇದು ಪೆಂಡುಲಂ ಸರ್ವ್. ಚೆಂಡಿಗೆ ಬ್ಯಾಟ್ ಬಡಿಯಬಾರದು. ಬೆಂಕಿಕಡ್ಡಿ ಗೀರುವ ಹಾಗೆ ರಬ್ಬರ್ ಅದರ ಮೈಯನ್ನು ತೆಳ್ಳಗೆ ಸವರಿಕೊಂಡು ಹೋಗಬೇಕು. ಸರಿಯಾಗಿ ಸವರಿದಾಗ ಸದ್ದು ಬಹಳ ಕಡಿಮೆ. ‘ಟಕ್’ ಎಂದು ಜೋರಾಗಿ ಕೇಳಿಸಿದರೆ ಬಡಿದಿದ್ದೀರಿ ಎಂದರ್ಥ.

ಮೇಜು ಖಾಲಿ ಇಲ್ಲದಿದ್ದರೂ ಇದನ್ನು ಕಲಿಯಬಹುದು. ಮನೆಯ ನೆಲದ ಮೇಲೆ ಚೆಂಡಿನ ತಳವನ್ನು ಸವರಿ ಮುಂದಕ್ಕೆ ಬಿಡಿ. ಬ್ಯಾಕ್‌ಸ್ಪಿನ್ (ಚೆಂಡಿನ ಹಿಮ್ಮುಖ ಸುತ್ತು) ಸಾಕಷ್ಟಿದ್ದರೆ ಅದು ಕೆಲವು ಪುಟಿತಗಳ ನಂತರ ನಿಂತು ನಿಮ್ಮತ್ತಲೇ ಉರುಳುತ್ತದೆ. ಉರುಳಿ ಬರುವವರೆಗೂ ಮುಂದಿನ ಹಂತಕ್ಕೆ ಹೋಗಬೇಡಿ. ಇಲ್ಲಿ ಅವಸರ ಮಾಡಿದವರ ಸರ್ವ್ ಮುಂದೆ ವರ್ಷಗಟ್ಟಲೆ ಸುಧಾರಿಸದೆ ಉಳಿಯುವುದನ್ನು ನೋಡಿದ್ದೇನೆ.

ನಾಲ್ಕು ಚೆಂಡುಗಳು

ಮೊದಲನೆಯದು ಗಿಡ್ಡ ಬ್ಯಾಕ್‌ಸ್ಪಿನ್. ಚೆಂಡು ನೆಟ್‌ನ ಎತ್ತರಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಯುವವರೆಗೂ ಕಾಯಿರಿ. ಮೇಲೆ ಹೊಡೆದರೆ ಆಚೆ ಬದಿಯಲ್ಲೂ ಮೇಲೇಳುತ್ತದೆ. ಬ್ಯಾಟಿನ ಮುಖ ಮೇಲ್ಮುಖವಾಗಿರಲಿ, ಸ್ಪರ್ಶ ಚೆಂಡಿನ ತಳಕ್ಕೆ, ಬ್ಯಾಟಿನ ತುದಿಯ ಹತ್ತಿರ. ಮಣಿಕಟ್ಟಿನಿಂದ ದೂರವಿರುವ ತುದಿಯೇ ಅತಿ ವೇಗವಾಗಿ ಚಲಿಸುವ ಭಾಗ. ಗಿಡ್ಡ ಎನ್ನಲು ಒಂದೇ ಪರೀಕ್ಷೆ: ಯಾರೂ ಮುಟ್ಟದಿದ್ದರೆ ಚೆಂಡು ಎದುರಾಳಿಯ ಬದಿಯಲ್ಲಿ ಎರಡು ಸಲ ಪುಟಿಯಬೇಕು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಚಿನ್ನ ಗೆದ್ದ ಚೀನಾದ ಮಾ ಲಿನ್ ಹಾಕುತ್ತಿದ್ದ ಕೆಲವು ಸರ್ವ್‌ಗಳಲ್ಲಿ ಚೆಂಡು ಆಚೆ ಬಿದ್ದು ಮತ್ತೆ ನೆಟ್‌ನತ್ತ ಮರಳುತ್ತಿತ್ತು. ಅಷ್ಟು ನಮಗೆ ಬೇಕಿಲ್ಲ, ಎರಡು ಪುಟಿತ ಸಾಕು.

ಎರಡನೆಯದು ಸ್ಪಿನ್ ಇಲ್ಲದ ಚೆಂಡು. ಎಲ್ಲಕ್ಕಿಂತ ಕಡಿಮೆ ಜನ ಅಭ್ಯಾಸ ಮಾಡುವ, ಎಲ್ಲಕ್ಕಿಂತ ಹೆಚ್ಚು ಅಂಕ ತರುವ ಸರ್ವ್ ಇದೇ ಎಂಬುದು ನನ್ನ ದೃಢ ಅಭಿಪ್ರಾಯ. ಕೈಬೀಸು, ಅದರ ವೇಗ, ಮುಗಿಸುವ ಬಗೆ ಎಲ್ಲವೂ ಬ್ಯಾಕ್‌ಸ್ಪಿನ್‌ನದೇ. ಸ್ಪರ್ಶ ಮಾತ್ರ ಬ್ಯಾಟಿನ ತುದಿಯಲ್ಲಿ ಅಲ್ಲ, ಹಿಡಿಕೆಯ ಹತ್ತಿರ. ಸವರುವ ಬದಲು ಮೆಲ್ಲಗೆ ಮುಂದಕ್ಕೆ ನೂಕುವುದು. ನಂತರ ಜೋರಾಗಿ ಸವರಿದವರಂತೆಯೇ ಮಣಿಕಟ್ಟನ್ನು ಪೂರ್ತಿ ತಿರುಗಿಸಿ. ಬ್ಯಾಕ್‌ಸ್ಪಿನ್ ಎಂದು ನಂಬಿದ ಎದುರಾಳಿ ಬ್ಯಾಟ್ ಮೇಲಕ್ಕೆ ತೆರೆದು ಪುಶ್ ಮಾಡುತ್ತಾನೆ, ಅಂದರೆ ಚೆಂಡಿನ ತಳವನ್ನು ಮೆಲ್ಲಗೆ ನೂಕುತ್ತಾನೆ; ಚೆಂಡು ಎತ್ತರಕ್ಕೆ ಎದ್ದು ನಿಮ್ಮ ಫೋರ್‌ಹ್ಯಾಂಡ್‌ಗೆ ಬರುತ್ತದೆ. ಎರಡರ ವ್ಯತ್ಯಾಸ ನಿಮ್ಮ ಕಣ್ಣಿಗೆ ಕಾಣಬೇಕಾದರೆ ಚೆಂಡಿನ ಅರ್ಧ ಭಾಗಕ್ಕೆ ಮಾರ್ಕರ್‌ನಿಂದ ಬಣ್ಣ ಹಚ್ಚಿ. ಸ್ಪಿನ್ ಇದ್ದಾಗ ಬಣ್ಣ ಕದಡಿದಂತೆ ಕಾಣುತ್ತದೆ, ಇಲ್ಲದಾಗ ಎರಡು ಅರ್ಧಗಳೂ ಬೇರೆ ಬೇರೆಯಾಗಿ ಗೋಚರಿಸುತ್ತವೆ.

ಮೂರನೆಯದು ಸೈಡ್‌ಸ್ಪಿನ್. ಇಲ್ಲಿ ಬ್ಯಾಟಿನ ತುದಿ ನೆಲ ನೋಡುತ್ತಿರುವಾಗ ಚೆಂಡಿನ ಹಿಂಭಾಗವನ್ನು ಬಲದಿಂದ ಎಡಕ್ಕೆ ಸವರಿ. ಬ್ಯಾಟ್ ಇಳಿಯುತ್ತಿರುವಾಗ ತಾಗಿದರೆ ಸೈಡ್‌ಸ್ಪಿನ್ ಜೊತೆ ಬ್ಯಾಕ್‌ಸ್ಪಿನ್ ಸೇರುತ್ತದೆ. ಕೆಳಗೆ ಮುಟ್ಟಿ ಮತ್ತೆ ಏರತೊಡಗಿದಾಗ ತಾಗಿದರೆ ಟಾಪ್‌ಸ್ಪಿನ್ (ಮುಮ್ಮುಖ ಸುತ್ತು) ಸೇರುತ್ತದೆ. ಎದುರಾಳಿ ಬ್ಯಾಟನ್ನು ನೇರ ಒಡ್ಡಿದರೆ ಚೆಂಡು ನಿಮ್ಮ ಎಡಕ್ಕೆ ಸಿಡಿಯುತ್ತದೆ. ನೀವು ಎಡಮೂಲೆಯಲ್ಲೇ ನಿಂತಿರುವುದರಿಂದ ಅಲ್ಲಿ ತಯಾರಾಗಿರುತ್ತೀರಿ.

ನಾಲ್ಕನೆಯದು ಉದ್ದನೆಯ ವೇಗದ ಸರ್ವ್. ಮೇಜಿನ ಉದ್ದ 2.74 ಮೀಟರ್, ಅದನ್ನು ಪೂರ್ತಿ ಬಳಸಬೇಕು. ಮೊದಲ ಪುಟಿತ ನಿಮ್ಮ ಅಂಚಿನಿಂದ ಒಂದು ಗೇಣಿನೊಳಗೆ, ಎರಡನೆಯದು ಆಚೆಯ ಅಂಚಿನಿಂದ ಒಂದು ಗೇಣಿನೊಳಗೆ. ಗುರಿ ಎದುರಾಳಿಯ ಬಲ ಮೊಣಕೈ. ಫೋರ್‌ಹ್ಯಾಂಡೋ ಬ್ಯಾಕ್‌ಹ್ಯಾಂಡೋ ಎಂದು ಅವನು ತೀರ್ಮಾನಿಸುವಷ್ಟರಲ್ಲಿ ಚೆಂಡು ಮೈಮೇಲೆ ಬಂದಿರುತ್ತದೆ. ಇದನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಹಾಕಿ, ಪದೇ ಪದೇ ಹಾಕಿದರೆ ಅವನು ಕಾಯತೊಡಗುತ್ತಾನೆ.

ಮಳೆಗಾಲದ ಬ್ಯಾಟು

ನಮ್ಮ ಕಡೆಯವರಿಗೆ ಇದು ಮುಖ್ಯ. ಮೂಡಿಗೆರೆ, ಕೊಪ್ಪದಂಥ ಕಡೆ ಜುಲೈನಲ್ಲಿ ಗೋಡೆಯೇ ಬೆವರುವಾಗ ರಬ್ಬರ್ ಒಣಗಿರುವುದು ಹೇಗೆ? ತೇವದ ತೆಳುಪದರ ಕೂತರೆ ರಬ್ಬರ್ ಚೆಂಡನ್ನು ಹಿಡಿಯದೆ ಜಾರಿಸುತ್ತದೆ. ನಿನ್ನೆ ಚೆನ್ನಾಗಿದ್ದ ಬ್ಯಾಕ್‌ಸ್ಪಿನ್ ಇಂದು ನೆಟ್‌ಗೆ ಬೀಳುತ್ತದೆ. ಹಲವರು ಆಗ ರಬ್ಬರ್ ಮೇಲೆ ಬಾಯಿಂದ ಹಬೆ ಊದಿ ಒರೆಸುತ್ತಾರೆ; ಅದು ಮತ್ತಷ್ಟು ತೇವ ಅಷ್ಟೆ. ಒಣ ಹತ್ತಿಬಟ್ಟೆ ಜೇಬಿನಲ್ಲಿರಲಿ, ಚೆಂಡನ್ನೂ ಒರೆಸಿ. ಪಂದ್ಯದಲ್ಲಿ ಪ್ರತಿ 6 ಅಂಕಗಳಿಗೊಮ್ಮೆ ಟವೆಲ್ ಬಳಸಲು ಅವಕಾಶವಿದೆ, ಅದನ್ನು ಬಿಡಬೇಡಿ. ಆಡದಿರುವಾಗ ಬ್ಯಾಟ್ ಮುಚ್ಚಿದ ಕವಚದೊಳಗಿರಲಿ. ತೀರಾ ಥಂಡಿ ಹಿಡಿದ ದಿನ ಸ್ಪಿನ್ ಇಲ್ಲದ ಸರ್ವ್ ಮತ್ತು ವೇಗದ ಸರ್ವ್‌ಗಳನ್ನೇ ಹೆಚ್ಚು ನೆಚ್ಚಿಕೊಳ್ಳಿ, ಅವೆರಡಕ್ಕೆ ರಬ್ಬರ್‌ನ ಹಿಡಿತ ಅಷ್ಟಾಗಿ ಬೇಕಿಲ್ಲ. ಇನ್ನು ಹಳೆಯದಾಗಿ ನುಣುಪಾಗಿ ಹೊಳೆಯುವ ರಬ್ಬರ್ ಬೇಸಿಗೆಯಲ್ಲೂ ಸ್ಪಿನ್ ಕೊಡುವುದಿಲ್ಲ, ಬದಲಿಸಿ.

ಒಬ್ಬರೇ ಅಭ್ಯಾಸ, ಆಮೇಲೆ ಪಂದ್ಯ

ಆಟ ಶುರುವಾಗುವ ಕಾಲು ಗಂಟೆ ಮೊದಲೇ ಬನ್ನಿ. ಒಂದು ಡಬ್ಬ ಚೆಂಡು, ಮಡಚಿದ ಒಂದು ಪತ್ರಿಕೆ ಹಾಳೆ. ಹಾಳೆಯನ್ನು ಆಚೆ ಬದಿಯಲ್ಲಿ ನೆಟ್‌ನ ಹತ್ತಿರ ಇಟ್ಟು ಗಿಡ್ಡ ಸರ್ವ್‌ಗಳನ್ನು, ನಂತರ ಅಂಚಿಗೆ ಸರಿಸಿ ಉದ್ದನೆಯದನ್ನು ಹಾಕಿ. ಒಂದು ದಿನ ಒಂದೇ ಬಗೆ ಸಾಕು. ವಾರಕ್ಕೊಮ್ಮೆ ಎದುರಾಳಿ ನಿಲ್ಲುವ ಜಾಗದಲ್ಲಿ ಮೊಬೈಲ್ ಇಟ್ಟು ಚಿತ್ರೀಕರಿಸಿ. ಬ್ಯಾಕ್‌ಸ್ಪಿನ್ ಯಾವುದು, ಸ್ಪಿನ್ ಇಲ್ಲದ್ದು ಯಾವುದು ಎಂದು ನಿಮಗೇ ಸುಲಭವಾಗಿ ತಿಳಿದರೆ ಎದುರಾಳಿಗೂ ತಿಳಿಯುತ್ತದೆ. ಡಬಲ್ಸ್ ಆಡುವವರು ನಿಮ್ಮ ಬಲ ಅರ್ಧದಿಂದ ಎದುರಾಳಿಯ ಬಲ ಅರ್ಧಕ್ಕೆ ಓರೆಯಾಗಿ ಹಾಕುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಬೇಕು.

ಪಂದ್ಯದಲ್ಲಿ ಮೊದಲು ನಿಜವಾದ, ಭಾರೀ ಬ್ಯಾಕ್‌ಸ್ಪಿನ್ ತೋರಿಸಿ. ಎದುರಾಳಿ ಒಂದೆರಡು ಚೆಂಡು ನೆಟ್‌ಗೆ ಹಾಕಿದ ಮೇಲೆಯೇ ಸ್ಪಿನ್ ಇಲ್ಲದ್ದಕ್ಕೆ ಬೆಲೆ ಬರುವುದು. ಪ್ರತಿ ಸರ್ವ್‌ಗೂ ಮುನ್ನ ಅದು ಎಲ್ಲಿಗೆ ಹಿಂದಿರುಗಬಹುದು, ಮೂರನೆಯ ಚೆಂಡನ್ನು, ಅಂದರೆ ಹಾಗೆ ಹಿಂದಿರುಗಿ ಬಂದದ್ದನ್ನು, ಹೇಗೆ ಆಡುತ್ತೇನೆ ಎಂದು ತೀರ್ಮಾನಿಸಿಕೊಂಡೇ ಟಾಸ್ ಹಾಕಿ. 10–10 ಆದ ಮೇಲೆ ಒಂದೊಂದೇ ಸರ್ವ್‌ಗೆ ಸರದಿ ಬದಲಾಗುತ್ತದೆ. ಆ ಹೊತ್ತಿನಲ್ಲಿ ಹೊಸದೇನನ್ನೂ ಪ್ರಯೋಗಿಸಬೇಡಿ. ಆ ಗೇಮಿನಲ್ಲಿ ಎದುರಾಳಿ ಯಾವ ಸರ್ವ್‌ಗೆ ಹೆಚ್ಚು ತಡವರಿಸಿದನೋ ಅದನ್ನೇ ಹಾಕಿ, ತಕ್ಷಣ ಅರ್ಧ ಹೆಜ್ಜೆ ಹಿಂದೆ ಸರಿದು ಬ್ಯಾಟ್ ಎತ್ತಿ ಸಿದ್ಧರಾಗಿ.